ಜೇಬುಗಳದ್ದು

ಡಂಡೀ ಊರಿನ ದಿಣ್ಣೆಯ ಮೇಲಿನ ಶಾಖೆ, ಸೋಮವಾರ.
ಗಾಜಿನ ಈಚೆ ನಾನು, ಆಚೆ ಸೆಂಗಾ ಪೆಟ್ರಿ,
ನಡುವೆ ತಕ್ಕಡಿ.
ಅವಳ ಚಿಲ್ಲರೆಗೆ ಸೋಪಿನ ವಾಸನೆ.

ಇಲ್ಲಿ ನಾವು ನಾಣ್ಯ ಎಣಿಸುವುದಿಲ್ಲ, ತೂಗುತ್ತೇವೆ.
ಇಪ್ಪತ್ತು ಪೆನ್ನಿಯವು ಐವತ್ತು: ಇನ್ನೂರೈವತ್ತು ಗ್ರಾಂ.
ಒಂದು ಪೆನ್ನಿಯವು ನೂರು: ಮುನ್ನೂರ ಐವತ್ತಾರು.
ಎರಡು ಗ್ರಾಂ ಆಚೀಚೆಯಾದರೆ ಇಡೀ ಚೀಲ ವಾಪಸ್ಸು;
ಎಲ್ಲಿ ತಪ್ಪಿತೆಂದು ಹುಡುಕುವುದು
ತಂದವರ ಪಾಡು.

ಗೋಡೆಯ ಮೇಲೆ ಬರೆದು ಅಂಟಿಸಿದ್ದೇವೆ:
ದಿನಕ್ಕೆ ಐದೇ ಚೀಲ.
ಒಂದು ಚೀಲಕ್ಕೆ ಒಂದೇ ಜಾತಿ.
ಖಾತೆಯಿಲ್ಲದವರ ಚಿಲ್ಲರೆ ಮುಟ್ಟುವುದಿಲ್ಲ.
ಕೆಳಗೆ, ಸಣ್ಣಕ್ಷರದಲ್ಲಿ, ನಿಮ್ಮ ಸೇವೆಯೇ ನಮ್ಮ ಸಂತೋಷ.
ಆ ಸಾಲನ್ನು ಯಾರೋ ಪೆನ್ನಿನಲ್ಲಿ ತಿದ್ದಿದ್ದಾರೆ,
ಏನೆಂದು ಹೇಳಲಾರೆ.

ಹನಿಹನಿಗೂಡಿದರೆ ಹಳ್ಳ, ಒಪ್ಪಿದೆ.
ಆ ಹಳ್ಳವನ್ನು ಬಸ್ಸಿನಲ್ಲಿ ಹೊತ್ತು ತಂದವಳನ್ನು
ಒಮ್ಮೆ ಕೇಳಿ.
ಸೆಂಗಾಳ ಬಲಗೈ
ಎಡಗೈಗಿಂತ ಒಂದಿಷ್ಟು ಉದ್ದ.

ಹೋದ ವಾರ ಐದು ಚೀಲದ ಜೊತೆಗೊಂದು ಭರಣಿ ತಂದಳು,
ಹುಳಿಯಲ್ಲಿ ಹಾಕಿಟ್ಟ ಈರುಳ್ಳಿಯ ಹಳೇ ಗಾಜಿನ ಭರಣಿ.
ಕತ್ತಿನವರೆಗೂ ಕಾಸು.
"ಇದು ನನ್ನದಲ್ಲ."
"ಮತ್ತೆ ಯಾರದು?"
"ಜೇಬುಗಳದ್ದು."

ಹನ್ನೊಂದು ವರ್ಷ
ಒಗೆಯುವ ಯಂತ್ರಗಳ ಹೊಟ್ಟೆಯಲ್ಲಿ, ರಬ್ಬರಿನ ಮಡಿಕೆಯಲ್ಲಿ,
ಜಾಲರಿಗೆ ಸಿಕ್ಕ ದಾರ ಕೂದಲುಗಳ ಉಂಡೆಯಲ್ಲಿ
ಸಿಕ್ಕಿದ್ದನ್ನೆಲ್ಲ ಎತ್ತಿಟ್ಟಿದ್ದಾಳೆ.
ಮೀನು ಕೊಯ್ಯುವ ಹುಡುಗನ ಪ್ಯಾಂಟು,
ರಾತ್ರಿ ಪಾಳಿಯ ದಾದಿಯರ ನಿಲುವಂಗಿ,
ಗುರುವಾರ ಗುರುವಾರ ಅದೇ ಒಂದು ಕಂಬಳಿ ತಂದು
ಅದು ತಿರುಗುವುದನ್ನೇ ನೋಡುತ್ತ ಕೂರುತ್ತಿದ್ದ ಮುದುಕ,
ಈಗೀಗ ಬಾರದವನು.
ಕೇಳಿದರೆ ಕೊಡೋಣವೆಂದಿದ್ದಳಂತೆ.
ಐದು ಪೆನ್ನಿ ಕಳೆಯಿತೆಂದು
ಯಾರು ಬಂದು ಕೇಳುತ್ತಾರೆ?

"ಮಾರ್ಚಿಗೆ ಅಂಗಡಿ ಮುಚ್ಚುತ್ತೆ. ಅವರ ಹೆಸರಲ್ಲೇ ಇಟ್ಟುಬಿಡು."

ಗಾಜಿನೊಳಗೆ ಗಾಜು. ಬಾಗಿ ನೋಡಿದೆ:
ಈಗ ನಡೆಯದ ದುಂಡು ಪೌಂಡುಗಳು,
ನಾರ್ವೆಯದೊಂದು, ನಡುವೆ ತೂತು,
ಮೂರು ಗುಂಡಿ, ಯಾವುದೋ ಬೀರುವಿನ ಕೀಲಿ,
ತಳದಲ್ಲಿ ಒಂದು ಹಾಲುಹಲ್ಲು.

ನಮ್ಮ ಫಾರಮ್ಮಿನಲ್ಲಿ ಹೆಸರಿಗೆ ಮೂವತ್ತೆರಡು ಚೌಕ.
ಯಾರದೋ, ಎಂದು ಹೊಡೆದೆ. ಮೂರೇ ಅಕ್ಷರ.
ಪರದೆ ಕೆಂಪಾಯಿತು.
ಕೇಳಲೇಬೇಕಾದದ್ದನ್ನು ಕೇಳಿದೆ: ಹಣದ ಮೂಲ?
"ತೊಳೆದದ್ದು" ಎಂದಳು ಸೆಂಗಾ, ನಗದೆ,
"ನಲವತ್ತು ಡಿಗ್ರಿ ಬಿಸಿನೀರಲ್ಲಿ."
ಹಿಂದಿನ ಮೇಜಿನಲ್ಲಿ ಗಿಲ್‌ಕ್ರಿಸ್ಟ್ ಸಾಹೇಬರು ಕೆಮ್ಮಿದರು.
ಕಪ್ಪು ಹಣ ಬಿಳಿ ಮಾಡುವವರ ಬಗ್ಗೆ
ನಮಗೆ ವರ್ಷಕ್ಕೆರಡು ಪಾಠ, ಒಂದು ಪರೀಕ್ಷೆ.
ಇಷ್ಟು ಬೆಳ್ಳಗಿನ ಹಣಕ್ಕೆ
ಆ ಪುಸ್ತಕದಲ್ಲಿ ಅರ್ಧ ಪುಟವೂ ಇಲ್ಲ.

ಆದರೂ ಭರಣಿಯನ್ನೆತ್ತಿ ತಕ್ಕಡಿಯ ಮೇಲಿಟ್ಟೆ.
ನಾಲ್ಕು ಕಿಲೋ ಮುನ್ನೂರು, ಗಾಜು ಸೇರಿ.
ಎಷ್ಟು ಹಣವೋ ದೇವರೇ ಬಲ್ಲ;
ಎಷ್ಟು ಭಾರವೆಂದು ಚೀಟಿಯಲ್ಲಿ ಬರೆದು
ಮೊಹರು ಒತ್ತಿ ಕೊಟ್ಟೆ.
ಅವಳು ಅದನ್ನು ಮಡಿಸಿ
ಭರಣಿಯೊಳಕ್ಕೇ ಹಾಕಿ ಮುಚ್ಚಳ ತಿರುಗಿಸಿದಳು.

ಬಾಗಿಲ ತನಕ ಝಣಝಣ. ಆಮೇಲೆ ಬಸ್ಸಿನ ಸದ್ದು.

ಆ ಚಳಿಗಾಲ, ನನ್ನ ಮನೆಯ ಯಂತ್ರ ಕೆಟ್ಟಾಗ,
ಎರಡು ಶನಿವಾರ ನಾನೂ ಅವಳಲ್ಲಿಗೆ ಹೋಗಿದ್ದೆ.
ನೀಲಿ ಕೋಟು. ಒಳಜೇಬಿನಲ್ಲಿ ಹತ್ತು ಪೆನ್ನಿಯೋ ಏನೋ
ಇದ್ದ ಹಾಗೆ ನೆನಪು.
ಹೇಳಿದ್ದರೆ ಒಂದು ಹೆಸರಾದರೂ ಸಿಗುತ್ತಿತ್ತು,
ಖಾತೆಯುಳ್ಳ ಹೆಸರು.

ಹೇಳಲಿಲ್ಲ.
ಗಾಜಿನ ಈಚೆ ಕೂತವರು
ಸ್ವಂತದ ಒಂದು ಕಾಸೂ ಇಟ್ಟುಕೊಳ್ಳಕೂಡದು, ನಿಯಮ.
ಅದಕ್ಕೇ ಇರಬೇಕು,
ನಮ್ಮ ಸಮವಸ್ತ್ರಕ್ಕೆ ಜೇಬು ಹೊಲಿಯುವುದಿಲ್ಲ.